ದೋಣಿಯ ಹಿಂದಿನ ಹಲಗೆ

ಹೊಳೆಯ ಎರಡೂ ದಡದವರಿಗೆ ಅವಳು ದೋಣಿಯಕ್ಕ. ಅವಳ ಗಂಡನನ್ನು ಮಾತ್ರ ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ದೋಣಿ ಅವಳ ಅಪ್ಪನದು, ಜನರನ್ನು ದಡದಿಂದ ದಡಕ್ಕೆ ಸಾಗಿಸುವ ಕೆಲಸವೂ ಅಪ್ಪನಿಂದಲೇ ಬಂದದ್ದು. ಆದರೂ ದೊಡ್ಡ ಹೆಸರು ಹೋಗಿ ಅಳಿಯನಿಗೆ ಅಂಟಿಕೊಂಡಿತು. ಅದಕ್ಕೆ ಯಾರನ್ನೂ ದೂರುವ ಹಾಗಿರಲಿಲ್ಲ. ಬೆಳಗ್ಗೆ ದೋಣಿ ನಿಲ್ಲುವ ಕಟ್ಟೆಗೆ ಬಂದವರ ಕಣ್ಣಿಗೆ ಬೀಳುತ್ತಿದ್ದದ್ದು ಹಿಂದಿನ ಹಲಗೆಯ ಮೇಲೆ ಮೋಟಾರಿನ ಹಿಡಿ ಹಿಡಿದು ಕೂತ ಮೀಸೆಯ ಗಂಡಸು. ಅದಕ್ಕೂ ಮುಂಚೆ ಒಬ್ಬ ಹೆಂಗಸು ಕಟ್ಟೆಗೆ ಇಳಿದು, ರಾತ್ರಿಯೆಲ್ಲ ದೋಣಿಗೆ ಜಿನುಗಿದ ನೀರನ್ನು ತಗಡಿನ ಡಬ್ಬಿಯಲ್ಲಿ ಮೊಗೆದು ಚೆಲ್ಲಿ, ಹಲಗೆಗಳನ್ನು ಒಣಬಟ್ಟೆಯಲ್ಲಿ ಒರೆಸಿ, ಒದ್ದೆ ಹಗ್ಗವನ್ನು ಹಿಂಡಿ ಸುತ್ತಿಟ್ಟು, ಗಂಡನ ಟೀ ಫ್ಲಾಸ್ಕನ್ನು ಅವನು ಕೂರುವ ಹಲಗೆಯ ಬುಡದಲ್ಲಿ ಇಟ್ಟಿರುತ್ತಿದ್ದಳು. ಅದನ್ನು ನೋಡುವುದಕ್ಕೆ ಅಷ್ಟು ಬೇಗ ಯಾರೂ ಎದ್ದಿರುತ್ತಿರಲಿಲ್ಲ. ಕ್ಯಾಪ್ಟನ್ ಕೂಡ.

ಅವಳು ಹುಟ್ಟು ಹಿಡಿದದ್ದು ಕಾಲು ಕೆಳಗಿನ ಹಲಗೆಗೆ ಸರಿಯಾಗಿ ಎಟುಕದ ವಯಸ್ಸಿನಲ್ಲಿ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ ಎಂಬುದು ಒಂದು ಕಾರಣ. ಅಪ್ಪನಿಗೆ ಬೆನ್ನುನೋವಿತ್ತು ಎಂಬುದು ಇನ್ನೊಂದು. ಅವನು ಎದುರಿಗೆ ಕೂತು ಹೇಳಿಕೊಡುತ್ತಿದ್ದ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರಲ್ಲ, ಅದು ಅವಳಿಗೆ ಮೊದಮೊದಲು ಹೆದರಿಕೆ ಹುಟ್ಟಿಸುತ್ತಿತ್ತು. ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಹಾಗೆ ನೋಡಿದಾಗೆಲ್ಲ ದೋಣಿ ಸೊಟ್ಟ ಹೋಗುತ್ತಿತ್ತು. ಹೋಗುವ ದಡವನ್ನು ಮರೆತುಬಿಡು, ಬಿಟ್ಟ ದಡವನ್ನು ನೋಡು ಅಂತ ಅಪ್ಪ ಹೇಳಿದ್ದ. ಕಟ್ಟೆಯ ಕಂಬವೂ ಅದರ ಹಿಂದಿನ ಗಿರಣಿಯ ಚಿಮಣಿಯೂ ಒಂದೇ ಸಾಲಿನಲ್ಲಿ ಕಾಣುತ್ತಿದ್ದರೆ ದೋಣಿ ನೆಟ್ಟಗೆ ಹೋಗುತ್ತಿದೆ ಅಂತ ಅರ್ಥ. ಆಮೇಲೆ ಎಷ್ಟೋ ವರ್ಷ ಅವಳು ಆ ಹೊಳೆಯನ್ನು ಕಂಡದ್ದು ಹಾಗೆಯೇ. ಬಿಟ್ಟುಬಂದ ದಡ ಚಿಕ್ಕದಾಗುತ್ತ ಹೋಗಬೇಕು, ಬೆನ್ನಿಗೆ ಇನ್ನೊಂದು ದಡದ ಗಾಳಿ ತಾಗಬೇಕು.

ಬೇಸಗೆಯಲ್ಲಿ ನೀರು ಇಳಿದಾಗ ಅಪ್ಪ ಮಗಳು ದೋಣಿಯನ್ನು ಮರಳಿಗೆ ಎಳೆದು ಬೋರಲು ಹಾಕುತ್ತಿದ್ದರು. ಹಳೆಯ ಡಾಂಬರು ಕೆರೆದು, ಹಲಗೆಯ ಸಂದುಗಳಿಗೆ ಹತ್ತಿಯ ಬತ್ತಿ ಹೊಸೆದು ತುರುಕಿ, ಕಲ್ಲುಗಳ ನಡುವೆ ಬೆಂಕಿ ಮಾಡಿ ಡಾಂಬರು ಕಾಯಿಸಿ ಬಳಿಯಬೇಕು. ಕೈಗೆ ಹತ್ತಿದ ಕಪ್ಪು ವಾರಗಟ್ಟಲೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಅವಳನ್ನು ಡಾಂಬರಿನ ಡಬ್ಬಿ ಅಂತ ಹಂಗಿಸುತ್ತಿದ್ದರಂತೆ. ಅವಳಿಗೆ ಮಾತ್ರ ಆ ವಾಸನೆ ಇಷ್ಟ. ಮುಪ್ಪಿನಲ್ಲೂ ಯಾರಾದರೂ ರಸ್ತೆಗೆ ಡಾಂಬರು ಹಾಕುತ್ತಿದ್ದರೆ ಅಲ್ಲೇ ಒಂದು ನಿಮಿಷ ನಿಂತು ಹೋಗುತ್ತಿದ್ದಳು. ಬೇರೆ ಹೆಂಗಸರು ಹೂವಿನ ಅಂಗಡಿಯ ಮುಂದೆ ನಿಲ್ಲುವ ಹಾಗೆ.

ಮರ ಕೊಯ್ಯುವ ಮಿಲ್ಲಿಗೆ ಕೆಲಸಕ್ಕೆ ಬಂದ ಹುಡುಗನೊಬ್ಬ ದಿನಾ ದೋಣಿ ಹತ್ತುತ್ತಿದ್ದ. ಮಾತಿನ ಮಲ್ಲ. ಅವನನ್ನೇ ಅವಳು ಮದುವೆಯಾದಳು. ಅಪ್ಪ ತೀರಿಕೊಂಡ ಮೇಲೆ ಅವನು ಮಿಲ್ಲು ಬಿಟ್ಟು ದೋಣಿಗೇ ಬಂದ. ಅವಳ ನೆನಪಿನಲ್ಲಿ ಎಲ್ಲಕ್ಕಿಂತ ಹೊಳೆಯುವ ವರ್ಷಗಳು ಅವು. ಅವಳು ನಡುವಿನ ಹಲಗೆಯಲ್ಲಿ ಹುಟ್ಟು ಹಾಕುತ್ತಿದ್ದಳು. ಅವನು ಹಿಂದಿನ ಹಲಗೆಯ ಮೇಲೆ ಅವಳಿಗೆ ಎದುರಾಗಿ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತು ಮಾತಾಡುತ್ತಿದ್ದ. ಮಿಲ್ಲಿನ ಮಾಲೀಕನ ನಡಿಗೆ, ತನ್ನ ಅಜ್ಜ ಸಾಕಿದ ಕತ್ತೆ, ಎಂದೋ ನೋಡಿದ ಸರ್ಕಸ್ಸು, ಏನಾದರೂ ಸರಿ. ಹುಟ್ಟು ಹಾಕುವವಳಿಗೆ ಉತ್ತರ ಕೊಡುವಷ್ಟು ಉಸಿರು ಎಲ್ಲಿಂದ ಬರಬೇಕು? ಅವಳು ಸುಮ್ಮನಿದ್ದದ್ದನ್ನು ಅವನು ಒಪ್ಪಿಗೆ ಅಂದುಕೊಳ್ಳುತ್ತಿದ್ದ. ಈ ಅಭ್ಯಾಸ ಅವನಿಗೆ ಜೀವನಪೂರ್ತಿ ಉಳಿಯಿತು. ಆದರೆ ನಗಿಸುತ್ತಿದ್ದ. ನಕ್ಕು ಹುಟ್ಟಿನ ಲಯ ತಪ್ಪಿ ದೋಣಿ ನಡುಹೊಳೆಯಲ್ಲಿ ಸುತ್ತು ಹೊಡೆದದ್ದೂ ಉಂಟು. ದೋಣಿಯಲ್ಲಿದ್ದವರು, ಮೊದಲು ನಮ್ಮನ್ನ ಇಳಿಸಿ, ಆಮೇಲೆ ಸಂಸಾರ ಮಾಡಿ ಅನ್ನುತ್ತಿದ್ದರು.

ಆಮೇಲೆ ಮೋಟಾರು ಬಂತು. ಯಾರೋ ಬಳಸಿ ಬಿಟ್ಟದ್ದು, ಹಿಂದಿನ ಹಲಗೆಯ ಆಚೆಗೆ ತಿರುಪು ಹಾಕಿ ಬಿಗಿಯುವಂಥದ್ದು. ಅದನ್ನು ಯಾರು ನಡೆಸಬೇಕು ಎಂದು ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಅವನು ಆಗಲೇ ಆ ಹಲಗೆಯ ಮೇಲಿದ್ದ, ಮೋಟಾರಿನ ಹಿಡಿಯ ಕಡೆಗೆ ಸ್ವಲ್ಪ ಓರೆಯಾಗಿ ಕೂತ, ಅಷ್ಟೇ. ದೋಣಿ ನಡೆಸುವುದು ಮೈಕೆಲಸವಾಗಿದ್ದಷ್ಟು ದಿನ ಅದು ಅವಳದಾಗಿತ್ತು. ಅದು ಯಂತ್ರವಾದ ದಿನ ಅವನದಾಯಿತು. ಮೊದಲ ವರ್ಷದಲ್ಲಿ ಒಮ್ಮೆ ಅವಳು, ನಾನೂ ಒಂದು ಸಲ ಹಿಡೀಲಾ ಅಂತ ಕೇಳಿದ್ದಳು. ಅವನು ಪ್ರೀತಿಯಿಂದಲೇ ಹೇಳಿದ, "ಬೇಡ ಕಣೆ, ಕೈಯೆಲ್ಲ ಎಣ್ಣೆ ಆಗುತ್ತೆ." ಅವಳು ತನ್ನ ಕೈ ನೋಡಿಕೊಂಡಳು. ಹಿಂದಿನ ವಾರ ಬಳಿದ ಡಾಂಬರು ಉಗುರಿನ ಸುತ್ತ ಹಾಗೇ ಇತ್ತು. ಅವನು ಅದನ್ನು ನೋಡಲಿಲ್ಲ. ಅವಳು ಮತ್ತೆ ಕೇಳಲಿಲ್ಲ. ಆಸೆ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಅವಳ ಜಾಗ ದೋಣಿಯ ಮೂತಿಗೆ ಬಂತು. ಕಟ್ಟೆ ಹತ್ತಿರ ಬಂದಾಗ ಹಗ್ಗ ಹಿಡಿದು ಹಾರುವುದು, ಕಂಬಕ್ಕೆ ಸುತ್ತುವುದು, ಮುದುಕರ ಕೈ ಹಿಡಿದು ಇಳಿಸುವುದು, ಮೂಟೆ ಎತ್ತುವುದು, ಪೇರಿಸುವುದು. ನಡುವೆ ಜನ, ಮೂಟೆ, ಸೈಕಲ್ಲು, ತರಕಾರಿ ಬುಟ್ಟಿ. ಹಿಂದೆ ಕೂತವನಿಗೆ ಮುಂದಿನದು ಏನೂ ಕಾಣದು. ಕೂಗಿದರೆ ಮೋಟಾರಿನ ಸದ್ದಿಗೆ ಕೇಳಿಸದು. ಹಾಗಾಗಿ ಅವಳು ಹಿಮ್ಮಡಿಯಿಂದ ಹಲಗೆಯನ್ನು ತಟ್ಟತೊಡಗಿದಳು. ಮರದ ದೋಣಿ ತಾನೇ, ಮೂತಿಯಲ್ಲಿ ತಟ್ಟಿದ್ದು ಹಿಂದಿನ ಹಲಗೆಯಲ್ಲಿ ಕೂತವನ ಬೆನ್ನುಮೂಳೆಗೇ ತಾಗುತ್ತಿತ್ತು. ನಡುವೆ ಒಂದು ತಟ್ಟಿದರೆ ನಿಧಾನ. ಎರಡು ತಟ್ಟಿದರೆ ಮೋಟಾರು ನಿಲ್ಲಿಸು. ಎಡಗಾಲಲ್ಲಿ ಎಡಬದಿಗೆ ತಟ್ಟಿದರೆ ಎಡಕ್ಕೆ, ಬಲಗಾಲಲ್ಲಿ ಬಲಬದಿಗೆ ತಟ್ಟಿದರೆ ಬಲಕ್ಕೆ. ಮಂಜು ಮುಸುಕಿದ ಬೆಳಗ್ಗೆಯೂ ಕ್ಯಾಪ್ಟನ್ ಕಟ್ಟೆಗೆ ಬೆಣ್ಣೆಯಲ್ಲಿ ಚಾಕು ಇಟ್ಟ ಹಾಗೆ ದೋಣಿ ತಂದು ನಿಲ್ಲಿಸುತ್ತಾನೆ ಅಂತ ಜನ ಹೊಗಳುತ್ತಿದ್ದರು. ಅವನು ಮೀಸೆಯಡಿ ನಗುತ್ತಿದ್ದ. ಅವಳು ಹಗ್ಗ ಕಟ್ಟುತ್ತಿದ್ದಳು.

ಹೀಗೆ ಗಂಡಹೆಂಡಿರ ನಡುವೆ ಹಿಮ್ಮಡಿಯ ಮಾತು ಉಳಿಯಿತು, ಬಾಯಿಯ ಮಾತು ಸಣ್ಣದಾಯಿತು. ಸರ್ಕಸ್ಸು, ಅಜ್ಜನ ಕತ್ತೆ ಎಲ್ಲ ಮೋಟಾರಿನ ಹೊಗೆಯಲ್ಲಿ ಕರಗಿಹೋದವು. ಮನೆಗೆ ಬಂದರೆ ಇಬ್ಬರಿಗೂ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಉಂಡು ಮಲಗಿದರೆ ಸಾಕಾಗುತ್ತಿತ್ತು.

ಮಕ್ಕಳಿರಲಿಲ್ಲ. ಅದರ ಬಗ್ಗೆ ಊರವರು ಹೇಳುವುದನ್ನೆಲ್ಲ ಹೇಳಿ ಮುಗಿಸಿ ಸುಮ್ಮನಾಗಿದ್ದರು. ಮನೆಯಲ್ಲಿ ಇದ್ದವಳು ನಾದಿನಿ, ಅವನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವಳು ಅಡುಗೆಮನೆಗೆ ಹೊಕ್ಕವಳೇ ಅಲ್ಲಿಯೇ ಉಳಿದುಬಿಟ್ಟಿದ್ದಳು. ನಾಲಿಗೆ ಚುರುಕು, ಕೈ ಅದಕ್ಕಿಂತ ಚುರುಕು. ಅತ್ತಿಗೆ ದೋಣಿಗೆ ಹೋಗುವುದರಿಂದ ಮನೆಯ ಕೆಲಸವೆಲ್ಲ ಅವಳ ತಲೆಗೆ ಬಿದ್ದಿತ್ತು. ಹಾಗಂತ ಅವಳು ಒಂದು ದಿನವೂ ಅತ್ತಿಗೆಯನ್ನು ಹಂಗಿಸಿದವಳಲ್ಲ. ಹಂಗಿಸಿಕೊಳ್ಳುವುದಕ್ಕೆ ಅಣ್ಣ ಇದ್ದನಲ್ಲ.

ಅಪ್ಪನ ದೋಣಿ ಮುದುಕಿಯಾಯಿತು. ಬಡಗಿ ಬಂದು ತಳದ ಹಲಗೆಗೆ ಹೆಬ್ಬೆರಳು ಒತ್ತಿದರೆ ಅದು ನೆನೆದ ಬ್ರೆಡ್ಡಿನ ಹಾಗೆ ಒಳಗೆ ಹೋಯಿತು. ಇನ್ನು ತೇಪೆ ಹಾಕುತ್ತ ಹೋದರೆ ತೇಪೆಯೇ ದೋಣಿಯಾಗುತ್ತದೆ, ದೋಣಿ ಉಳಿಯುವುದಿಲ್ಲ ಅಂತ ಅವನು ಹೇಳಿದ. ಮರದ ದೋಣಿ ಕಟ್ಟುವವರೂ ಈಗ ಇಲ್ಲ. ಎಲ್ಲ ಅಲ್ಯೂಮಿನಿಯಂ.

ಕ್ಯಾಪ್ಟನ್ ಒಬ್ಬನೇ ಕೆಳಗಿನ ಪೇಟೆಯ ದೋಣಿ ಅಂಗಡಿಗೆ ಹೋಗಿ ಬಂದ. ಬಂದವನ ಕಣ್ಣು ಮದುವೆಗಂಡಿನ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ಊಟಕ್ಕೆ ಕೂತು, ನೀರಿನಲ್ಲಿ ಬೆರಳು ಅದ್ದಿ, ಮೇಜಿನ ಮೇಲೆ ಎರಡು ದೋಣಿ ಬರೆದ. ಒಂದು ಬರಿಯ ಬೆಳ್ಳಿಬಣ್ಣದ್ದು, ಚಿಕ್ಕದು, ಹಿಂದೆ ಹಿಡಿ ಹಿಡಿದು ನಡೆಸುವ ಮೋಟಾರು, ನಮ್ಮ ಹಳೆಯದರ ಹಾಗೆಯೇ. ಇನ್ನೊಂದು ದೊಡ್ಡದು, ನೀಲಿ ಬಣ್ಣ, ಮೆತ್ತನೆಯ ಸೀಟು, ಮುಂದೆ ಗಾಜು, ಕಾರಿನ ಹಾಗೆ ಸ್ಟೇರಿಂಗು, ಕೀಲಿ ತಿರುಗಿಸಿದರೆ ಮೋಟಾರು ಶುರು.

"ಅಣ್ಣ, ನಿನಗೆ ಬೇಕಾಗಿರೋದು ಕಾರು," ಅಂದಳು ನಾದಿನಿ. "ಅದು ಹೊಳೇಲಿ ಓಡಲ್ಲ ಅಂತ ಇಷ್ಟು ದಿನ ಸುಮ್ನಿದ್ದೆ."

ಅವನು ಅದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ಹೆಂಡತಿಯ ಕಡೆ ತಿರುಗಿ, ಆ ದೊಡ್ಡ ದೋಣಿಯಲ್ಲಿ ನಡೆಸುವವನೇ ಮುಂದೆ ಕೂರುತ್ತಾನೆ, ಎಲ್ಲ ಕಾಣುತ್ತದೆ ಅಂತ ವಿವರಿಸಿದ. ಮೂತಿಯಲ್ಲಿ ಇನ್ನೊಬ್ಬರು ನಿಲ್ಲುವುದೇ ಬೇಡ. ಹಗ್ಗ ಎಸೆಯಲು ಕಟ್ಟೆಯ ಮೇಲೆ ಯಾರಾದರೂ ಇದ್ದೇ ಇರುತ್ತಾರೆ.

"ಇಷ್ಟು ವರ್ಷ ದುಡಿದೆ," ಅಂದ. "ಇನ್ನು ನೀನು ಆರಾಮಾಗಿ ಮನೇಲಿರು."

ತುತ್ತು ಕಲಸುತ್ತಿದ್ದ ಅವಳ ಕೈ ನಿಂತಿತು. ಅವನ ದನಿಯಲ್ಲಿ ಪ್ರೀತಿಯಿತ್ತು, ಉಡುಗೊರೆ ಕೊಡುವವನ ಸಂಭ್ರಮವಿತ್ತು. ತೊಡಕು ಇದ್ದದ್ದೇ ಅಲ್ಲಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಿಂದಿನ ಹಲಗೆಯಲ್ಲಿ ಕೂರಬೇಕೆಂಬ ಅವಳ ಹಳೆಯ ಆಸೆ ಹಾಗಿರಲಿ, ಈಗ ಮೂತಿಯೂ ಕೈತಪ್ಪುವ ಹೊತ್ತು ಬಂದಿತ್ತು. ಆ ನೀಲಿ ದೋಣಿ ಬಂದರೆ ಅವಳು ಮತ್ತೆ ನೀರಿಗೆ ಇಳಿಯುವಂತಿಲ್ಲ.

ಪಾತ್ರೆ ತೊಳೆಯುವಾಗ ನಾದಿನಿ ಮೆಲ್ಲಗೆ ಕೇಳಿದಳು, "ಏನತ್ತಿಗೆ, ಆರಾಮಾಗಿರೋಕೆ ಬರ್ತೀರಂತೆ?"

"ನಿಮ್ಮಣ್ಣ ಹೇಳ್ತಾರೆ."

"ಬನ್ನಿ, ಬನ್ನಿ. ನಾನು ಈ ಮನೆಗೆ ಬಂದಾಗಿಂದ ಆರಾಮಾಗೇ ಇದೀನಿ. ಆರಾಮಾಗಿದ್ದೂ ಇದ್ದೂ ಸೊಂಟ ಬಿದ್ದುಹೋಗಿದೆ." ಕರಿ ಹಿಡಿದ ಪಾತ್ರೆಯನ್ನು ಅತ್ತಿಗೆಯ ಕೈಗೆ ಕೊಟ್ಟಳು. "ಇದನ್ನ ನೀವು ತಿಕ್ಕಿ. ಅಭ್ಯಾಸ ಆಗ್ಲಿ."

ಇಬ್ಬರೂ ನಕ್ಕರು. ಆದರೆ ಪಾತ್ರೆ ತಿಕ್ಕುತ್ತ ಅವಳು ಅಡುಗೆಮನೆಯ ಕಿಟಕಿಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಅದು ಪಕ್ಕದ ಮನೆಯ ಗೋಡೆಗೆ ತೆರೆಯುತ್ತಿತ್ತು. ಮನೆಯಿಂದ ಹೊಳೆ ಕೂಗಳತೆಯಲ್ಲಿತ್ತು, ಆದರೆ ಕೆಲಸ ಮಾಡುವ ಯಾವ ಜಾಗದಿಂದಲೂ ಅದು ಕಾಣುತ್ತಿರಲಿಲ್ಲ. ನೀರು ಕಾಣುತ್ತಿದ್ದದ್ದು ಮುಂಬಾಗಿಲ ಮೆಟ್ಟಿಲ ಮೇಲಿಂದ ಮಾತ್ರ. ಅಲ್ಲಿ ಕೂರಲು ಈ ಮನೆಯಲ್ಲಿ ಪುರುಸೊತ್ತು ಇದ್ದದ್ದು ಒಬ್ಬರಿಗೇ. ದೋಣಿಯಲ್ಲಿಯೂ ಕೆಲಸವೇ, ಒಪ್ಪಿದಳು. ಆದರೆ ಅಲ್ಲಿ ನರ್ಸಮ್ಮ ರಾತ್ರಿ ಹುಟ್ಟಿದ ಮಗುವಿನ ಸುದ್ದಿ ಹೇಳುತ್ತಾಳೆ. ಅಂಚೆಯವನು ಹೆಂಡತಿಯ ಮುನಿಸಿಗೆ ಮದ್ದು ಕೇಳುತ್ತಾನೆ. ಮಂಜು ಕರಗಿ ಆಚೆ ದಡ ನಿಧಾನವಾಗಿ ಬಣ್ಣ ತುಂಬಿಕೊಳ್ಳುತ್ತದೆ. ತೊಳೆದಿಟ್ಟ ಪಾತ್ರೆ ಮರುದಿನ ಮತ್ತೆ ಕರಿಯಾಗಿ ಕೂರುತ್ತದೆ. ದಾಟಿಸಿದ ಜನ ಹಾಗಲ್ಲ, ದಾಟಿರುತ್ತಾರೆ.

ಬೆಳಗ್ಗೆ ಅವನು ಅಂಗಡಿಗೆ ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. ನೀನ್ಯಾಕೆ ಅಂತ ಅವನು ಕೇಳಿದ.

"ಅಲ್ಯೂಮಿನಿಯಂ ತಾನೆ? ಪಾತ್ರೆ ಕೊಳ್ಳೋಕೆ ಯಾವತ್ತು ನೀವೊಬ್ರೇ ಹೋಗಿದೀರಿ?"

ದೋಣಿ ಅಂಗಡಿಯೆಂದರೆ ನೀರಿನ ಅಂಚಿಗಿದ್ದ ಒಂದು ತಗಡಿನ ಶೆಡ್ಡು, ಅದರ ಮುಂದೆ ಹಳೆಯ ಟೈರುಗಳನ್ನು ನೇತುಹಾಕಿದ ಒಂದು ಮರದ ಕಟ್ಟೆ. ಅಂಗಡಿಯವನು ನಿಧಾನಸ್ಥ, ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡು ಮಾತಾಡುವವನು. ಕ್ಯಾಪ್ಟನ್ ನೇರವಾಗಿ ನೀಲಿ ದೋಣಿಯ ಮೋಟಾರಿನ ಹತ್ತಿರ ಹೋಗಿ ನಿಂತ. ಅವಳು ಎರಡು ದೋಣಿಗಳ ಸುತ್ತ ಒಂದು ಸುತ್ತು ಬಂದಳು. ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಡಿದಳು, ಅಂಚಿನ ಮೇಲೆ ಅಂಗೈ ಓಡಿಸಿದಳು, ತಗಡು ತಗಡಿಗೆ ಸೇರುವ ಮೂಲೆಗಳಲ್ಲಿ ಬೆರಳು ಹಾಕಿ ಕೊಳೆ ಎಲ್ಲಿ ಕೂರಬಹುದು ಅಂತ ನೋಡಿದಳು. ಚಿಕ್ಕ ದೋಣಿಯ ತಗಡುಗಳನ್ನು ಸಾಲಾಗಿ ಮೊಳೆ ಬಡಿದು ಕೂಡಿಸಿದ್ದರು. ದೊಡ್ಡದನ್ನು ಬೆಸುಗೆ ಹಾಕಿ ಸೇರಿಸಿದ್ದರು. ಬೆಸುಗೆಯದು ಗಟ್ಟಿ, ಆದರೆ ಭಾರ ಅಂದ ಅಂಗಡಿಯವನು. ಮೊಳೆಯದು ಹಗುರ, ಆದರೆ ವರ್ಷ ಕಳೆದ ಮೇಲೆ ಮೊಳೆಯ ಬುಡದಲ್ಲಿ ಜಿನುಗಬಹುದು. ಜಿನುಗುವ ದೋಣಿ ತನಗೆ ಹೊಸತಲ್ಲ ಅಂತ ಅವಳು ಹೇಳಿದಳು. ಆಮೇಲೆ ನೀಲಿ ದೋಣಿಯ ನೆಲಕ್ಕೆ ಅಂಟಿಸಿದ್ದ ಬೂದು ಬಣ್ಣದ ಕಂಬಳಿಯಂಥ ಹಾಸನ್ನು ಒತ್ತಿ ನೋಡಿ, ಇದು ಒದ್ದೆಯಾದರೆ ಅಂತ ಕೇಳಿದಳು.

"ನೀರು ಹೀರುತ್ತೆ ಅಮ್ಮ. ಆಗಾಗ ಉಜ್ಜಿ ಬಿಸಿಲಿಗೆ ಬಿಡ್ಬೇಕು."

"ಯಾರು ಉಜ್ಜಬೇಕು?"

ಅಂಗಡಿಯವನು ಯಜಮಾನನ ಕಡೆ ನೋಡಿದ. ಯಜಮಾನ ಮೋಟಾರಿನ ಕಡೆ ನೋಡಿದ. ಆರಾಮಾಗಿ ಮನೆಯಲ್ಲಿ ಕೂತವಳು ಸಂಜೆಗೊಮ್ಮೆ ಬಂದು ಹಾಸು ಉಜ್ಜಿ ಹೋಗಬೇಕು ಅಂತ ಅವಳಿಗೆ ಅರ್ಥವಾಯಿತು.

ಎರಡನ್ನೂ ನೀರಿಗಿಳಿಸಿ ನಡೆಸಿ ನೋಡಿ ಅಂತ ಅಂಗಡಿಯವನೇ ಹೇಳಿದ. ಮೊದಲು ನೀಲಿ ದೋಣಿ. ಕ್ಯಾಪ್ಟನ್ ಗಾಜಿನ ಹಿಂದೆ ಸ್ಟೇರಿಂಗು ಹಿಡಿದು ಕೂತ. ಅವಳನ್ನು ಹಿಂದಿನ ಮೆತ್ತನೆಯ ಸೀಟಿನಲ್ಲಿ ಮದುಮಗಳ ಹಾಗೆ ಕೂರಿಸಿದರು. ಕೀಲಿ ತಿರುಗಿಸಿದರೆ ಮೋಟಾರು ಬೆಕ್ಕಿನ ಹಾಗೆ ಗುರುಗುಟ್ಟಿತು. ನಡುಹೊಳೆಗೆ ಹೋಗಿ ಅವನು ದೊಡ್ಡದೊಂದು ಸುತ್ತು ಹಾಕಿದ. ತಲೆಗೂದಲು ಹಾರುತ್ತಿತ್ತು, ಕತ್ತಿನ ಹಿಂಭಾಗ ಹುಡುಗನದರ ಹಾಗೆ ಕೆಂಪಾಗಿತ್ತು. ಅವಳ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಅವುಗಳನ್ನು ಎಲ್ಲಿಡಬೇಕೆಂದೇ ತಿಳಿಯದೆ ಒಂದು ಸಲ ಸೀಟಿನ ಧೂಳು ಒರೆಸಿದಳು. ಧೂಳಿರಲಿಲ್ಲ.

ತಿರುಗಿ ಕಟ್ಟೆಗೆ ಬರುವಾಗ ಅದಾಯಿತು. ಹಾಡುಹಗಲು, ತಿಳಿನೀರು, ಮುಂದೆ ಗಾಜು, ಗಾಜಿನಾಚೆ ಕಟ್ಟೆ ದೊಡ್ಡದಾಗುತ್ತ ಬಂತು. ಅವನ ಕಣ್ಣು ಅದನ್ನು ನೋಡುತ್ತಿತ್ತು, ಕಿವಿ ಮಾತ್ರ ಕಾಯುತ್ತಿತ್ತು. ಹಿಂದೆ ಕೂತ ಅವಳ ಹಿಮ್ಮಡಿ ತಾನಾಗಿ ಎದ್ದು ಒಂದು ಸಲ ತಟ್ಟಿತು. ಹಾಸು ಆ ಸದ್ದನ್ನು ನುಂಗಿತು. ಅವಳು ಎರಡು ತಟ್ಟಿದಳು. ಅದನ್ನೂ ನುಂಗಿತು. ಅವನು ಕಟ್ಟೆಯನ್ನು ನೋಡುತ್ತ ನೋಡುತ್ತಲೇ, ಮೋಟಾರಿನ ವೇಗ ಒಂದಿಷ್ಟೂ ಇಳಿಸದೆ, ಎರಡು ಟೈರುಗಳ ನಡುವೆ ಸರಿಯಾಗಿ ಕಟ್ಟೆಗೆ ಗುದ್ದಿದ.

ಯಾರಿಗೂ ಪೆಟ್ಟಾಗಲಿಲ್ಲ. ದೋಣಿಯ ಮೂತಿ ಮಾತ್ರ ಕೆಳಗೆ ಬಿದ್ದ ಚೊಂಬಿನ ಹಾಗೆ ತಗ್ಗಿಹೋಯಿತು.

"ನೀನು ತಟ್ಟಲೇ ಇಲ್ಲವಲ್ಲ," ಅಂದ ಅವನು, ತಿರುಗಿ.

"ತಟ್ಟಿದೆ."

"ಕೇಳಿಸ್ಲಿಲ್ಲ."

"ಕಾಣ್ತಿತ್ತಲ್ಲ?"

ಅಂಗಡಿಯವನು ಓಡಿ ಬಂದು ಮೂತಿ ಸವರಿ, ಒಳಗಿನಿಂದ ಸುತ್ತಿಗೆಯಲ್ಲಿ ಎರಡೇಟು ಕೊಟ್ಟರೆ ಸರಿಹೋಗುತ್ತದೆ, ಹೊಸ ದೋಣಿಗೆ ಎಲ್ಲರೂ ಒಮ್ಮೆ ಹೀಗೆ ಮಾಡುತ್ತಾರೆ ಅಂತ ಸಮಾಧಾನ ಹೇಳಿದ. ತಟ್ಟುವುದು ಅಂದರೇನು ಅಂತ ಅವನು ಕೇಳಿದಾಗ ಗಂಡಹೆಂಡಿರಿಬ್ಬರೂ ಇನ್ನೊಂದು ದೋಣಿಯ ಕಡೆ ತಿರುಗಿದರು. ಮನೆಯೊಳಗಿನ ಮಾತನ್ನು ಯಾರೋ ಕದ್ದು ಕೇಳಿದಂತಾಗಿತ್ತು.

ಬೆಳ್ಳಿಬಣ್ಣದ ದೋಣಿಯನ್ನು ನೀರಿಗೆ ತಳ್ಳಿದರು. ಅವನು ಸುಸ್ತಾದವನ ಹಾಗೆ ನಿಂತಿದ್ದ. ಅವಳು ದೋಣಿಗೆ ಕಾಲಿಟ್ಟು, ಮೂತಿಯ ಕಡೆ ಹೋಗದೆ ಹಿಂದಕ್ಕೆ ನಡೆದು ಮೋಟಾರಿನ ಪಕ್ಕ ಕೂತಳು.

"ನಾನು ಹಿಂದೆ ಕೂತ್ಕೋತೀನಿ."

"ನೀನು ಅಲ್ಲಿ ಕೂತ್ರೆ ಹಗ್ಗ ಯಾರು ಹಾಕ್ತಾರೆ?"

"ನೀವು."

ಅವನು ಅಂಗಡಿಯವನ ಮುಖ ನೋಡಿದ. ಅಂಗಡಿಯವನು ಹೊಳೆಯ ಮುಖ ನೋಡಿದ. ಕೊನೆಗೆ ಅವನು ಮಂಡಿ ಹಿಡಿದುಕೊಂಡು ಮೂತಿಗೆ ಹತ್ತಿದ.

ಹಗ್ಗ ಎಳೆದು ಶುರು ಮಾಡುವ ಮೋಟಾರು ಅದು. ಕೈಯಲ್ಲಿ ಎಳೆದಾಗ ಬರಿದೆ ಕೆಮ್ಮಿತು. ಆಮೇಲೆ ಹುಟ್ಟು ಎಳೆಯುವ ಹಾಗೆ ಕಾಲು ಊರಿ ಬೆನ್ನಿನಿಂದ ಎಳೆದಳು, ಹತ್ತಿಕೊಂಡಿತು. ಹಿಡಿಯನ್ನು ಎಡಕ್ಕೆ ನೂಕಿದರೆ ದೋಣಿ ಬಲಕ್ಕೆ ಹೋಗುತ್ತದೆ, ಬಲಕ್ಕೆ ನೂಕಿದರೆ ಎಡಕ್ಕೆ. ಈ ತಿರುಗಾಮುರುಗದ ವಿದ್ಯೆಯ ಬಗ್ಗೆ ಕ್ಯಾಪ್ಟನ್ ದೋಣಿ ಹತ್ತಿದವರಿಗೆಲ್ಲ ಪಾಠ ಮಾಡುತ್ತಿದ್ದ. ಹೋಗುವ ದಡಕ್ಕೆ ಬೆನ್ನು ಹಾಕಿಯೇ ಬೆಳೆದವಳಿಗೆ ಅದರಲ್ಲಿ ತಿರುಗಾಮುರುಗವೇನೂ ಕಾಣಲಿಲ್ಲ. ಬೇರೆಯದೇ ಒಂದು ಅವಳನ್ನು ಕಲಕಿತು. ಕೈಯಲ್ಲಿ ದೋಣಿ, ಕಣ್ಣಿನಲ್ಲಿ ದಾರಿ, ಎರಡೂ ಒಟ್ಟಿಗೆ ಅವಳಿಗೆ ಈವರೆಗೆ ಸಿಕ್ಕಿರಲಿಲ್ಲ. ಹುಟ್ಟು ಹಿಡಿದಾಗ ದಾರಿ ಬೆನ್ನಿಗಿತ್ತು. ದಾರಿ ಕಂಡಾಗ ಕೈ ಬರಿದಾಗಿತ್ತು. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಅಂದುಕೊಂಡಳು, ಕಣ್ಣು ಮಂಜಾಯಿತು, ತೋಳಿನಲ್ಲಿ ಒರೆಸಿಕೊಂಡಳು.

ಕಟ್ಟೆಗೆ ಬರುವಾಗ ಅವನು ನಿಧಾನ, ನಿಧಾನ ಅಂತ ಕೂಗಿದ. ಅವಳು ಆಗಲೇ ವೇಗ ಇಳಿಸಿದ್ದಳು. ಅವನು ಎಸೆದ ಹಗ್ಗ ಕಟ್ಟೆಗೆ ಮುಟ್ಟದೆ ನೀರಿಗೆ ಬಿತ್ತು. ಎರಡನೆಯ ಸಲ ಅಂಗಡಿಯವನು ಬಗ್ಗಿ ಹಿಡಿದುಕೊಂಡ.

ಲೆಕ್ಕ ಮಾತಾಡುವ ಮುಂಚೆ ಗಂಡಹೆಂಡತಿ ಕಟ್ಟೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಹಾಗೆ ಅಕ್ಕಪಕ್ಕ ಸುಮ್ಮನೆ ಕೂತು ಎಷ್ಟು ಕಾಲವಾಗಿತ್ತೋ. ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅವನಿಗೆ ಇನ್ನೂ ನೀಲಿ ದೋಣಿಯ ಮೇಲೆ ಕಣ್ಣಿದೆ ಎಂಬುದು ಅವಳಿಗೆ ಗೊತ್ತಾಗುತ್ತಿತ್ತು. ಸ್ಟೇರಿಂಗಿನ ಮೋಹ ಅಂದುಕೊಂಡಿದ್ದಳು. ಅವನು ಹೇಳಿದ್ದು ಬೇರೆ.

"ಅಲ್ಲಿ ಗಾಜಿನ ಹಿಂದೆ ಕೂತ್ರೆ ಎಲ್ಲಾ ಕಾಣುತ್ತೆ ಕಣೆ. ಇಷ್ಟು ವರ್ಷ ನಾನು ಈ ಹೊಳೇಲಿ ಏನು ನೋಡ್ದೆ ಹೇಳು? ಜನರ ಬೆನ್ನು. ಮೂಟೆ. ಬಾಯ್ತುಂಬ ಕ್ಯಾಪ್ಟನ್ ಅಂತಾರೆ, ನನಗೆ ದಡ ಬಂದಿದ್ದು ತಿಳೀತಿದ್ದದ್ದು ನಿನ್ನ ಕಾಲಿಂದ."

ಅವಳು ಇದನ್ನು ಎಂದೂ ಯೋಚಿಸಿರಲಿಲ್ಲ. ತಾನು ವರ್ಷಗಟ್ಟಲೆ ಬಯಸಿದ ಜಾಗದಲ್ಲಿ ಕೂತವನಿಗೆ ಹೊಳೆಯೇ ಕಾಣುತ್ತಿರಲಿಲ್ಲ! ಮುಂದೆ ನಿಂತ ತನ್ನ ಕಣ್ಣೆದುರು ದಿನವೂ ಬೆಳಗಾಗುತ್ತಿದ್ದದ್ದು ಅವನಿಗೆ ಸಿಕ್ಕೇ ಇರಲಿಲ್ಲ. ಒಂದು ಗಳಿಗೆ ಅವಳಿಗೆ ಅವನ ಮೇಲೆ ಕನಿಕರವಾಯಿತು. ಕನಿಕರ ಬಂದಾಗಲೇ ಹೆಂಗಸರು ಬಿಟ್ಟುಕೊಡುವುದು. ಅದು ಅವಳಿಗೆ ಗೊತ್ತಿತ್ತು, ಹಾಗಾಗಿ ಬೇಗ ಬೇಗ ಮಾತಾಡಿದಳು.

"ಹಾಗಾದ್ರೆ ಇನ್ಮೇಲೆ ಮುಂದೆ ಕೂತ್ಕೊಳ್ಳಿ. ಅಲ್ಲಿ ಗಾಜೂ ಬೇಡ, ಎಲ್ಲಾ ಕಾಣುತ್ತೆ."

"ನಿನಗೆ ಹಿಂದೆ ಏನು ಕಾಣುತ್ತೆ?"

"ಮೂಟೆ ಪೇರಿಸೋದು ನಾನು ತಾನೆ? ತಗ್ಗಾಗಿ ಪೇರಿಸ್ತೀನಿ."

ಅವನು ಅವಳನ್ನೇ ನೋಡಿದ. "ಮತ್ತೆ ಇಷ್ಟು ವರ್ಷ ಯಾಕೆ ಎತ್ತರಕ್ಕೆ ಪೇರಿಸ್ತಿದ್ದೆ?"

"ನೀವು ಕೇಳ್ಲಿಲ್ಲ."

ಅವನಿಗೆ ನಗು ಬಂತು. ನಗು ಮುಗಿದ ಮೇಲೆ ಜನ ಏನಂತಾರೆ ಅಂದ. ಮಂಡಿ ನೋವು ಅಂದ. ಹೆಂಗಸು ಮೋಟಾರು ಹಿಡಿದರೆ ಗಂಡಸರು ದೋಣಿ ಹತ್ತುತ್ತಾರೋ ಇಲ್ಲವೋ ಅಂದ. ಆಚೆ ದಡಕ್ಕೆ ಹೋಗಬೇಕಾದವರು ಈಜಿಕೊಂಡು ಹೋಗುತ್ತಾರೆಯೇ ಅಂತ ಅವಳು ಕೇಳಿದಳು. ಬೇಕಿದ್ದರೆ ಕ್ಯಾಪ್ಟನ್ ಎಂಬ ಹೆಸರನ್ನು ಅವನೇ ಇಟ್ಟುಕೊಳ್ಳಲಿ, ಅದು ತನಗೆ ಬೇಡ ಅಂದಳು. ಅವನು ಮತ್ತೆ, ಮನೆಯಲ್ಲಿ ಆರಾಮಾಗಿ, ಅಂತ ಶುರು ಮಾಡಿದಾಗ ಅವಳು ತಡೆದಳು.

"ಆ ದೋಣೀಲಿ ನನಗೆ ಜಾಗ ಇಲ್ಲ. ಈ ದೋಣೀಲಿ ಇದೆ. ಉಳಿದಿದ್ದೆಲ್ಲ ನೀವು ಹೇಗೆ ಹೇಳ್ತೀರೋ ಹಾಗೆ."

ಅವನು ಎದ್ದು, ಮಂಡಿ ಉಜ್ಜಿಕೊಂಡು, ಅಂಗಡಿಯವನ ಹತ್ತಿರ ಹೋಗಿ ಬೆಳ್ಳಿಬಣ್ಣದ್ದು ಸಾಕು ಅಂದ. ದೊಡ್ಡದು ನಮ್ಮ ಕಟ್ಟೆಗೆ ಸರಿಹೋಗುವುದಿಲ್ಲ ಅಂ​ತ ಕಾರಣವನ್ನೂ ಸೇರಿಸಿದ. ಅವಳು ತಿದ್ದಲಿಲ್ಲ.

ಅಪ್ಪನ ದೋಣಿಯಿಂದ ಹುಟ್ಟುಗಳನ್ನೂ ನೀರು ಮೊಗೆಯುವ ಡಬ್ಬಿಯನ್ನೂ ಅವಳು ಹೊಸ ದೋಣಿಗೆ ಸಾಗಿಸಿದಳು. ಹಳೆಯದನ್ನು ಹಿತ್ತಿಲಿಗೆ ಎಳೆದು ತಂದು ಬೋರಲು ಹಾಕಿದರು. ಆ ಬೇಸಗೆ ಡಾಂಬರು ಕಾಯಿಸುವ ಕೆಲಸ ಇರಲಿಲ್ಲ. ಕೈಗಳು ಬೆಳ್ಳಗೆ ಇದ್ದವು. ಅದೊಂದು ಥರ ಯಾರೋ ಮನೆಬಿಟ್ಟು ಹೋದ ಹಾಗೆ ಅನ್ನಿಸಿತು ಅಂತ ಅವಳು ಆಮೇಲೆ ಹೇಳುತ್ತಿದ್ದಳು.

ಆದರೆ ಅದು ಆಮೇಲಿನ ಮಾತು. ದೋಣಿ ಕೊಂಡ ದಿನ ಇಬ್ಬರೂ ಅದರಲ್ಲೇ ಹೊಳೆಯ ದಾರಿಯಾಗಿ ಮನೆಗೆ ಬಂದರು, ಅವಳು ಹಿಂದೆ, ಅವನು ಮುಂದೆ. ಸಂಜೆ ಬಿಸಿಲಿಗೆ ಅಲ್ಯೂಮಿನಿಯಂ ಕಣ್ಣು ಕುಕ್ಕುತ್ತಿತ್ತು. ಮೋಟಾರಿನ ಸದ್ದು ಕೇಳಿ ನಾದಿನಿ ಕಟ್ಟೆಗೆ ಇಳಿದು ಬಂದಿದ್ದಳು. ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ದೂರದಿಂದಲೇ ನೋಡಿದ್ದಳು. ಅಣ್ಣ ಹಗ್ಗ ಹಿಡಿದು ಏದುಸಿರು ಬಿಡುತ್ತ ಕಟ್ಟೆ ಹತ್ತಿದ. ಅವನು ಹತ್ತಿದ ಮೇಲೆ ನಾದಿನಿ ದೋಣಿಗೆ ಇಳಿದಳು.

"ಒಂದು ಸುತ್ತು ಕರ್ಕೊಂಡು ಹೋಗಿ ಅತ್ತಿಗೆ."

"ಒಲೆ?"

"ಆರಿಸಿ ಬಂದೆ."

ಅವನು ಕಟ್ಟೆಯ ಮೇಲೆ ನಿಂತು, ಊಟ ಆಗಿದೆಯಾ ಅಂತ ಕೇಳಿದ. ಅರ್ಧ ಆಗಿದೆ, ಪಾತ್ರೆಗಳು ಎಲ್ಲಿವೆ ಅಂತ ಗೊತ್ತಲ್ಲ ಅಂತ ತಂಗಿ ಹೇಳಿದಳು. ಗೊತ್ತಿಲ್ಲ ಅಂದ. ಹುಡುಕು ಅಣ್ಣ, ಚಿಕ್ಕ ಮನೆ, ಸಿಗುತ್ತೆ ಅಂದಳು.

ನಾದಿನಿ ಹೊಳೆ ದಾಟಿದ್ದು ಕಡಿಮೆ. ದಾಟಿದಾಗಲೂ ಆಸ್ಪತ್ರೆಗೋ ಸಾವಿನ ಮನೆಗೋ ತಲೆತಗ್ಗಿಸಿ, ಚೀಲ ತಬ್ಬಿಕೊಂಡು ಜನರ ನಡುವೆ ಕೂತಿರುತ್ತಿದ್ದಳು. ಈಗ ನಡುವಿನ ಹಲಗೆಯ ಮೇಲೆ, ಅತ್ತಿಗೆಗೆ ಬೆನ್ನು ಮಾಡಿ, ಕಾಲು ಚಾಚಿ ಕೂತಳು. ಎರಡು ಕೈಯನ್ನೂ ನೀರಿಗೆ ಬಿಟ್ಟಳು. ದೋಣಿ ನಡುಹೊಳೆಗೆ ಬಂದು ಅಗಲವಾಗಿ ತಿರುಗಿದಾಗ ಇಳಿಜಾರಿನ ಮೇಲಿನ ಮನೆ ಎದುರಿಗೆ ಬಂತು. ಹಂಚು, ಒಗೆದ ಬಟ್ಟೆಯ ಸಾಲು, ಮುಂಬಾಗಿಲ ಮೆಟ್ಟಿಲು. ಅವಳು ಅದನ್ನು ಬಹಳ ಹೊತ್ತು ನೋಡಿದಳು.

"ಅತ್ತಿಗೆ, ಅದು ನಮ್ಮನೇನಾ?"

"ಹ್ಞೂಂ."

"ಅಷ್ಟು ಚಿಕ್ಕ ಮನೇಲಿ ಅಷ್ಟೊಂದು ಕೆಲಸ ಎಲ್ಲಿ ಹಿಡಿಸ್ತಿತ್ತು?"

ನಾದಿನಿಗೆ ನೋಡಲು ಇನ್ನಷ್ಟು ಹೊತ್ತು ಸಿಗಲೆಂದು ದೋಣಿಯಕ್ಕ ಮೋಟಾರಿನ ವೇಗ ಇಳಿಸಿದಳು. ಮನೆಯ ಹೊಗೆಕೊಳವೆಯಿಂದ ಹೊಗೆ ಏಳಲು ಶುರುವಾಗಿತ್ತು. ಒಲೆ ಹತ್ತಿಸಲು ಬಾರದವರು ಹತ್ತಿಸಿದಾಗ ಬರುವಂಥ ದಟ್ಟ, ಕಪ್ಪು ಹೊಗೆ.